ನಿನ್ನೆಯ ಐಸ್ ನಿನ್ನೆಗೆ

ಡಿಸೆಂಬರ್ ಬಂತೆಂದರೆ ನಮ್ಮೂರಿನ ಪೆಟ್ರೋಲ್ ಬಂಕಿನಲ್ಲಿ ಯಾರೂ ಯಾರನ್ನೂ ‘ಹೇಗಿದ್ದೀರಿ’ ಎಂದು ವಿಚಾರಿಸುವುದಿಲ್ಲ. ‘ಐಸ್ ಹೇಗಿದೆ?’ ಎಂದೇ ಮಾತು ಶುರು. ಒಳಗೆ ಕಾಫಿ ಯಂತ್ರದ ಪಕ್ಕ ನಾಲ್ಕು ಜನ ನಿಂತಿರುತ್ತಾರೆ, ಮಂಡಿಯವರೆಗಿನ ಬೂಟು, ಕಂಕುಳಲ್ಲಿ ಹೆಲ್ಮೆಟ್. ಒಬ್ಬ ‘ಆರು ಇಂಚು’ ಎನ್ನುತ್ತಾನೆ. ಇನ್ನೊಬ್ಬ ‘ಎಲ್ಲಿ?’ ಎನ್ನುತ್ತಾನೆ. ಮೂರನೆಯವನು ‘ಯಾವತ್ತು ನೋಡಿದ್ದು?’ ಎನ್ನುತ್ತಾನೆ. ನಾಲ್ಕನೆಯವರು ನನ್ನ ಪಕ್ಕದ ಮನೆಯ ಅಜ್ಜ. ಅವರು ಏನೂ ಹೇಳದೆ ಕಾಫಿ ಲೋಟಕ್ಕೆ ಮುಚ್ಚಳ ಒತ್ತಿಕೊಂಡು ಹೊರಡುತ್ತಾರೆ. ಅವರ ಪಿಕಪ್ ಗಾಡಿಯ ಹಿಂಭಾಗದಲ್ಲಿ ಒಂದು ಕಬ್ಬಿಣದ ಹಾರೆ ಸದಾ ಮಲಗಿರುತ್ತದೆ.

ನಮ್ಮೂರು ಎಂದರೆ ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ತುದಿಯಲ್ಲಿರುವ ಹೋಟನ್. ಇಂಗ್ಲಿಷಿನಲ್ಲಿ ಬರೆಯುವುದು ಒಂದು ಬಗೆ, ಇಲ್ಲಿಯವರು ಉಚ್ಚರಿಸುವುದು ಇನ್ನೊಂದು ಬಗೆ. ಬಂದ ಹೊಸದರಲ್ಲಿ ನಾನು ಹೇಳುತ್ತಿದ್ದ ರೀತಿ ಕೇಳಿ ಬಸ್ಸಿನ ಚಾಲಕ ನಕ್ಕಿದ್ದ. ನಕ್ಷೆ ತೆರೆದು ನೋಡಿದರೆ ಲೇಕ್ ಸುಪೀರಿಯರಿನ ಹೊಟ್ಟೆಗೆ ಯಾರೋ ಬೆರಳಿನಿಂದ ತಿವಿದ ಹಾಗೆ ಒಂದು ನೆಲದ ತುಂಡು ಚಾಚಿಕೊಂಡಿದೆ. ಅದು ಕೀವನಾ ಪರ್ಯಾಯ ದ್ವೀಪ. ಓದಲೆಂದು ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಎರಡು ಚಳಿಗಾಲ ಕಳೆದು ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆಗೆ ಓಡಿಹೋಗುತ್ತಾರೆ. ನಾನು ಓಡಲಿಲ್ಲ. ಕಾರಣ ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ. ತೀರ್ಥಹಳ್ಳಿಯ ಕಡೆ ಆರು ತಿಂಗಳು ಮಳೆಯೊಳಗೆ ಬೆಳೆದವರಿಗೆ ಆಕಾಶದಿಂದ ಏನಾದರೊಂದು ಬೀಳುತ್ತಲೇ ಇರಬೇಕು ಅನಿಸುತ್ತದೋ ಏನೋ.

ಮೊದಲ ವರ್ಷ ಅಮ್ಮನಿಗೆ ಫೋನು ಮಾಡಿ ‘ಇಲ್ಲಿ ಮಂಜು ಬೀಳುತ್ತಿದೆ’ ಎಂದೆ. ‘ಇಲ್ಲಿಯೂ ಬಿದ್ದಿದೆ, ಬೆಳಿಗ್ಗೆ ತೋಟ ಕಾಣುತ್ತಿರಲಿಲ್ಲ’ ಎಂದರು. ನಾನು ಹೇಳಿದ್ದು ಸ್ನೋ, ಅವರು ಕೇಳಿಸಿಕೊಂಡಿದ್ದು ಆಗುಂಬೆಯ ಮಂಜು. ಹಿಮ ಎಂದರೆ ಕ್ಯಾಲೆಂಡರಿನ ಕೈಲಾಸ ಕಣ್ಣಮುಂದೆ ಬರುತ್ತದೆ. ಮಂಜುಗಡ್ಡೆ ಎಂದರೆ ಮೀನಿನ ಪೆಟ್ಟಿಗೆ. ಕೊನೆಗೆ ನಾನು ಒಂದು ಒಪ್ಪಂದಕ್ಕೆ ಬಂದೆ: ಮೇಲಿನಿಂದ ಬೀಳುವುದು ಹಿಮ, ಕೆಳಗೆ ನೀರೇ ಗಟ್ಟಿಯಾದದ್ದು ಐಸ್. ಈ ಬರಹದಲ್ಲಿಯೂ ಹಾಗೆಯೇ ಬರೆಯುತ್ತೇನೆ. ಎರಡನ್ನೂ ಬೇರೆ ಬೇರೆ ಹೆಸರಿನಿಂದ ಕರೆಯಲೇಬೇಕು, ಏಕೆಂದರೆ ಅವೆರಡಕ್ಕೂ ಆಗಿಬರುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಿಮ ಇಲ್ಲಿ ಸರೋವರದ ಕೊಡುಗೆ. ಕೆನಡಾದ ಕಡೆಯಿಂದ ಒಣ ಚಳಿಗಾಳಿ ಹೊರಡುತ್ತದೆ. ಸುಪೀರಿಯರ್ ದೊಡ್ಡದು, ಮೇಲ್ಮೈಯಲ್ಲಿ ಸುಮಾರು 82,000 ಚದರ ಕಿಲೋಮೀಟರ್. ಡಿಸೆಂಬರಿನಲ್ಲಿಯೂ ಅದರ ನೀರು ಗಾಳಿಗಿಂತ ಎಷ್ಟೋ ಬೆಚ್ಚಗಿರುತ್ತದೆ. ಗಾಳಿ ಆ ನೀರಿನ ಮೇಲೆ ಬರುತ್ತಾ ಬರುತ್ತಾ ತೇವ ಹೀರಿ, ಕೀವನಾದ ಗುಡ್ಡಸಾಲನ್ನು ಹತ್ತುವಾಗ ಹೊರೆ ಇಳಿಸುತ್ತದೆ. ಅರಬ್ಬೀ ಸಮುದ್ರದ ಮೋಡ ಘಟ್ಟ ಹತ್ತುವಾಗ ಮಾಡುವ ಕೆಲಸವೇ ಇದು, ಬೀಳುವುದು ಮಾತ್ರ ಬೇರೆ. ಹಾಗಾಗಿ ಇಲ್ಲಿಯವರು ನಮ್ಮ ಕಾಫಿ ಬೆಳೆಗಾರರ ಹಾಗೆಯೇ ಇಂಚಿನಲ್ಲಿ ಮಾತನಾಡುತ್ತಾರೆ. ಮೊಹಾಕ್ ಎಂಬ ಹಳ್ಳಿಯ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ಮೂವತ್ತು ಅಡಿಗೂ ಎತ್ತರದ ಒಂದು ಅಳತೆಗಂಬ ನಿಲ್ಲಿಸಿದ್ದಾರೆ. 1978-79ರ ಚಳಿಗಾಲದಲ್ಲಿ 390.4 ಇಂಚು ಹಿಮ ಬಿದ್ದ ದಾಖಲೆ ಅದರ ನೆತ್ತಿಯ ಮೇಲಿದೆ. ಸಾಧಾರಣ ವರ್ಷದಲ್ಲಿಯೂ 200 ಇಂಚಿಗೆ ಮೋಸವಿಲ್ಲ. ಅಜ್ಜ ಅದರ ಬಗ್ಗೆ ಹೆಮ್ಮೆಯಿಂದ ಹೇಳಿದಾಗ ನಾನು ಆಗುಂಬೆಯ ಲೆಕ್ಕ ತೆಗೆದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು, ಅಂದರೆ ಮುನ್ನೂರು ಇಂಚಿನ ಆಸುಪಾಸು, ಅದೂ ನೀರು. ಹತ್ತು ಇಂಚು ಹಿಮ ಕರಗಿದರೆ ಒಂದು ಇಂಚು ನೀರು. ‘ನಮ್ಮ ಮಳೆ ಹಿಮವಾಗಿ ಬಿದ್ದಿದ್ದರೆ ನಿಮ್ಮ ಕಂಬಕ್ಕೆ ಇನ್ನೂ ಏಳು ಕಂಬ ಜೋಡಿಸಬೇಕಾಗುತ್ತಿತ್ತು’ ಎಂದೆ. ಅಜ್ಜ ಒಂದು ವಾರ ನನ್ನೊಂದಿಗೆ ಹಿಮದ ವಿಷಯ ಎತ್ತಲಿಲ್ಲ.

ಇಷ್ಟು ಹಿಮದ ನಡುವೆ ಓಡಾಡಲು ಜನ ಬಳಸುವುದು ಸ್ನೋಮೊಬೈಲ್. ಇಲ್ಲಿ ಅದನ್ನು ಸ್ಲೆಡ್ ಎಂದೇ ಕರೆಯುತ್ತಾರೆ. ಮುಂದೆ ಜಾರಲು ಎರಡು ಸ್ಕೀ ಹಲಗೆ, ಹಿಂದೆ ಟ್ರ್ಯಾಕ್ಟರಿನ ಟೈರಿನಂತೆ ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ, ನಡುವೆ ಎಂಜಿನ್, ಮೇಲೆ ಬೈಕಿನಂತೆ ಕುಳಿತ ಮನುಷ್ಯ. ವೇಗ ಹೆಚ್ಚಿಸುವುದು ಬಲಗೈಯ ಹೆಬ್ಬೆರಳಿನಿಂದ. ದಿನವಿಡೀ ಓಡಿಸಿದವರ ಹೆಬ್ಬೆರಳು ರಾತ್ರಿ ಊಟದ ಹೊತ್ತಿಗೂ ಬಾಗಿಯೇ ಇರುತ್ತದೆ. ನನಗೆ ಮೊದಲು ಅದರ ಮೇಲೆ ಪ್ರೀತಿಯೇನೂ ಇರಲಿಲ್ಲ. ಕಾಡಿನ ಮೌನವನ್ನು ಸೀಳಿಕೊಂಡು ಹೋಗುವ ಗಲಾಟೆ ಎನಿಸುತ್ತಿತ್ತು. ಈಗಲೂ ಅರ್ಧ ಹಾಗೆಯೇ ಅನಿಸುತ್ತದೆ. ಆದರೆ ಒಂದು ದಿನ ಅಜ್ಜ ತಮ್ಮ ಹಳೆಯ ಟೂ-ಸ್ಟ್ರೋಕ್ ಸ್ಲೆಡ್ಡನ್ನು ಹಗ್ಗ ಎಳೆದು ಶುರು ಮಾಡಿದಾಗ ಎಣ್ಣೆ ಸುಟ್ಟ ನೀಲಿ ಹೊಗೆ ನನ್ನ ಮೂಗಿಗೆ ಬಡಿಯಿತು. ಅದು ಅಪ್ಪಯ್ಯನ ಯೆಜ್ಡಿ ಬೈಕಿನ ವಾಸನೆ. ಮೈಸೂರಿನಲ್ಲಿ ತಯಾರಾದ ಆ ಬೈಕು ಕೊಟ್ಟಿಗೆಯ ಪಕ್ಕ ಹಾಗೆಯೇ ಕೆಮ್ಮಿ, ಹಾಗೆಯೇ ಹೊಗೆಯುಗುಳಿ ಎದ್ದೇಳುತ್ತಿತ್ತು. ನನ್ನ ತತ್ವ ಅಲ್ಲಿಗೆ ಸ್ವಲ್ಪ ಸಡಿಲಾಯಿತು.

ಈ ವಾಹನ ಹುಟ್ಟಿದ್ದು ಮೋಜಿಗಲ್ಲ. ಪಕ್ಕದ ವಿಸ್ಕಾನ್ಸಿನ್ನಿನ ಸೇನರ್ ಎಂಬ ಹಳ್ಳಿಯ ಕಾರ್ಲ್ ಎಲಿಯಾಸನ್‌ಗೆ ಕಾಲಿನ ತೊಂದರೆ ಇತ್ತು. ಗೆಳೆಯರ ಜೊತೆ ಹಿಮದಲ್ಲಿ ಬೇಟೆಗೆ ನಡೆದುಹೋಗಲು ಆಗುತ್ತಿರಲಿಲ್ಲ. 1924ರಲ್ಲಿ ದೋಣಿಯ ಎಂಜಿನ್, ಫೋರ್ಡ್ ಕಾರಿನ ರೇಡಿಯೇಟರ್, ಸೈಕಲ್ಲಿನ ಬಿಡಿಭಾಗ ಎಲ್ಲ ಸೇರಿಸಿ ಒಂದು ಮೋಟಾರ್ ಜಾರುಬಂಡಿ ಕಟ್ಟಿಕೊಂಡ. ಇನ್ನೊಂದು ಕಥೆ ಕೆನಡಾದ ಕ್ವಿಬೆಕ್ಕಿನದು. ವಾಲ್ಕೂರ್ ಎಂಬ ಊರಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ ಹದಿಹರೆಯದಿಂದಲೂ ಹಿಮದ ಮೇಲೆ ಓಡುವ ಗಾಡಿಯ ಹುಚ್ಚು ಹಚ್ಚಿಕೊಂಡಿದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಯ್ವಾನ್‌ಗೆ ಹೊಟ್ಟೆಯೊಳಗೆ ಸೋಂಕಾಗಿ ತುರ್ತು ಶಸ್ತ್ರಚಿಕಿತ್ಸೆ ಬೇಕಾಯಿತು. ರಸ್ತೆಗಳೆಲ್ಲ ಹಿಮದಡಿ. ಅಪ್ಪ ಕಟ್ಟುತ್ತಿದ್ದ ಹಿಮಗಾಡಿ ಗ್ಯಾರೇಜಿನಲ್ಲಿ ಬಿಡಿ ಬಿಡಿಯಾಗಿ ಬಿದ್ದಿತ್ತು. ಮಗು ಉಳಿಯಲಿಲ್ಲ. 1937ರಲ್ಲಿ ಏಳು ಜನ ಕೂರುವ ಅವನ ಮೊದಲ ಗಾಡಿ ಮಾರಾಟಕ್ಕೆ ಬಂತು. ವೈದ್ಯರು, ಅಂಚೆಯವರು, ಪಾದ್ರಿಗಳು ಕೊಂಡರು. ಒಬ್ಬರು ಇಬ್ಬರು ಕೂರುವ ಸಣ್ಣ ಸ್ಕೀ-ಡೂ ಬಂದದ್ದು 1959ರಲ್ಲಿ. ಮೋಜು ಶುರುವಾದದ್ದು ಅಲ್ಲಿಂದ. ದೆಹಲಿ ಮೆಟ್ರೊದಲ್ಲಿ ಓಡಾಡುವವರಲ್ಲಿ ಎಷ್ಟೋ ಜನ ಆ ಕುಟುಂಬದ ಹೆಸರಿನ ಕಂಪನಿ ತಯಾರಿಸಿದ ಬೋಗಿಗಳಲ್ಲಿ ಕುಳಿತಿರುತ್ತಾರೆ, ಹಿಮದ ಸುಳಿವೂ ಇಲ್ಲದೆ.

ಹೋಟನ್ನಿನಿಂದ ನದಿಯಾಚೆಯ ಹ್ಯಾನ್‌ಕಾಕ್‌ಗೆ ಒಂದೇ ಸೇತುವೆ. ನದಿ ಎಂದು ನಾವು ಕರೆಯುತ್ತೇವೆ. ನಿಜಕ್ಕೂ ಅದು ಪರ್ಯಾಯ ದ್ವೀಪವನ್ನು ಅಡ್ಡಲಾಗಿ ಸೀಳಿದ ಜಲಮಾರ್ಗ, ಅರ್ಧ ಸರೋವರ, ಅರ್ಧ ಕಾಲುವೆ. 1959ರಲ್ಲಿ ಕಟ್ಟಿದ ಎರಡಂತಸ್ತಿನ ಲಿಫ್ಟ್ ಸೇತುವೆ ಅದರ ಮೇಲಿದೆ. ಹಡಗು ಬಂದರೆ ನಡುವಿನ ಭಾಗ ಲಿಫ್ಟಿನಂತೆ ಮೇಲೇರುತ್ತದೆ. ಕೆಳಗಿನ ಅಂತಸ್ತು ತಾಮ್ರದ ಗಣಿಗಳ ಕಾಲದ ರೈಲಿಗೆಂದು ಮಾಡಿದ್ದು. ಗಣಿಗಳು ಮುಚ್ಚಿದವು, ರೈಲೂ ನಿಂತಿತು. ಈಗ ಚಳಿಗಾಲದಲ್ಲಿ ಮೇಲಿನ ಅಂತಸ್ತಿನಲ್ಲಿ ಕಾರು, ಕೆಳಗಿನ ಅಂತಸ್ತಿನಲ್ಲಿ ಸ್ಲೆಡ್. ಸಂಜೆ ಬೇಗನೆ ಕತ್ತಲಾದ ಮೇಲೆ ದಡದಲ್ಲಿ ನಿಂತು ನೋಡಿದರೆ ರೈಲು ಹೋಗಬೇಕಾದ ಜಾಗದಲ್ಲಿ ಒಂಟಿ ದೀಪಗಳು ಸಾಲಾಗಿ ದಾಟುತ್ತಿರುತ್ತವೆ. ಈ ಸೇತುವೆಯ ಕೆಳಗೆ ನೀರು ಹೆಪ್ಪುಗಟ್ಟಿ ಬಿಳಿಯಾಗಿದ್ದರೂ ಬುದ್ಧಿ ಇರುವವರು ಅದರ ಮೇಲೆ ಸ್ಲೆಡ್ ಓಡಿಸುವುದಿಲ್ಲ. ಇಕ್ಕಟ್ಟಾದಲ್ಲಿ ನೀರಿಗೆ ಸೆಳೆತ ಹೆಚ್ಚು. ಸೆಳೆತ ಇರುವಲ್ಲಿ ಐಸ್ ಮೇಲಿನಿಂದ ಎಷ್ಟು ಬೆಳೆದರೂ ಕೆಳಗಿನಿಂದ ನೀರು ಅದನ್ನು ನೆಕ್ಕುತ್ತಿರುತ್ತದೆ.

ಹಳೆಯ ರೈಲುದಾರಿಗಳಲ್ಲಿ ಎಷ್ಟೋ ಇಂದು ಟ್ರೇಲುಗಳು, ಎಂದರೆ ಸ್ಲೆಡ್ ಓಡುವ ದಾರಿಗಳು. ಮಿಷಿಗನ್ನಿನಲ್ಲಿ ಸ್ಲೆಡ್ ದಾರಿ ಒಟ್ಟು ಆರು ಸಾವಿರ ಮೈಲಿಗೂ ಹೆಚ್ಚಿದೆ, ಸುಮಾರು ಅರ್ಧ ರಾಜ್ಯದ ಉತ್ತರ ಭಾಗವಾದ ನಮ್ಮ ಕಡೆ. ರಾತ್ರಿ ಗ್ರೂಮರ್ ಎಂಬ ದೊಡ್ಡ ಯಂತ್ರ ಹೊರಡುತ್ತದೆ. ಹಗಲು ನೂರಾರು ಸ್ಲೆಡ್ಡುಗಳು ಎಬ್ಬಿಸಿದ ಉಬ್ಬುತಗ್ಗುಗಳನ್ನು ಹೆರೆದು, ಕಲಸಿ, ಹಿಂದಿನ ಹಲಗೆಯಿಂದ ಒತ್ತುತ್ತಾ ಹೋಗುತ್ತದೆ. ಸಗಣಿ ಸಾರಿಸಿದ ಅಂಗಳದಂತೆ ಅದೂ ಒಣಗಿ ಗಟ್ಟಿಯಾಗಲು ಕೆಲವು ಗಂಟೆ ಬೇಕು. ಸಾರಿಸಿದ ಬೆನ್ನಿಗೇ ಯಾರಾದರೂ ತುಳಿದರೆ ಗ್ರೂಮರಿನವನ ಬಾಯಲ್ಲಿ ಬರುವ ಮಾತುಗಳನ್ನು ಇಲ್ಲಿ ಬರೆಯಲಾರೆ.

ಸ್ಲೆಡ್ಡಿನ ಬಗ್ಗೆ ನನಗೆ ತೀರಾ ವಿಚಿತ್ರವಾಗಿ ಕಂಡ ಸಂಗತಿ ಇನ್ನೊಂದು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ, ಕಣ್ಣುರೆಪ್ಪೆ ಅಂಟಿಕೊಳ್ಳುವ ಚಳಿಯಲ್ಲಿ, ಎಂಜಿನ್ ಕಾದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ನನ್ನ ಸ್ಲೆಡ್ಡಿಗೆ ಹೀಗಾದಾಗ ಕೆಟ್ಟುಹೋಯಿತೆಂದೇ ತಿಳಿದೆ. ಅಜ್ಜ ನಕ್ಕು ಕೆಳಗೆ ಬಗ್ಗಿ ತೋರಿಸಿದರು. ಕಾರಿನ ಹಾಗೆ ಮುಂದಿನಿಂದ ಗಾಳಿ ಕುಡಿದು ತಣಿಯುವ ಎಂಜಿನ್ ಅಲ್ಲ ಇದು. ರಬ್ಬರ್ ಪಟ್ಟಿ ಹಿಂದಕ್ಕೆ ಚಿಮ್ಮಿಸುವ ಹಿಮದ ಪುಡಿ ಮೇಲಿನ ಲೋಹದ ಚಾವಣಿಗೆ ಬಡಿದು ಕರಗಬೇಕು, ಆ ಚಾವಣಿಯೊಳಗೆ ಹರಿಯುವ ದ್ರವ ಅದರಿಂದ ತಣಿಯಬೇಕು. ಪಟ್ಟಿ ಉರುಳುವ ಹಳಿಯ ಪ್ಲಾಸ್ಟಿಕ್ಕಿಗೂ ಹಿಮವೇ ಎಣ್ಣೆ. ನಾವು ನಿಂತಿದ್ದದ್ದು ಗಾಜಿನಂತಹ ಬರಿಯ ಐಸಿನ ಮೇಲೆ. ಚಿಮ್ಮಲು ಪುಡಿಯೇ ಇಲ್ಲ. ಅದಕ್ಕೆಂದೇ ಹಳಿಯ ಪಕ್ಕ ಎರಡು ಸ್ಪ್ರಿಂಗ್ ಕಡ್ಡಿಗಳಿರುತ್ತವೆ. ಅವನ್ನು ಕೆಳಗೆ ಬಿಟ್ಟರೆ ಕೋಳಿ ಕೆದರಿದಂತೆ ಐಸನ್ನು ಕೆದರಿ ಪುಡಿ ಎಬ್ಬಿಸುತ್ತವೆ. ಕಡ್ಡಿ ಬಿಟ್ಟು ಐದು ನಿಮಿಷ ಓಡಿಸಿದೆ, ದೀಪ ಆರಿತು.

ಹೀಗೆ ಸ್ಲೆಡ್ಡಿಗೆ ಹಿಮ ಬೇಕು. ಕೆರೆ ದಾಟಬೇಕೆಂದರೆ ಐಸ್ ಬೇಕು. ಎರಡೂ ಒಟ್ಟಿಗೆ ಬರಲಿ ಎಂದು ಹೊಸಬರು ಹಾರೈಸುತ್ತಾರೆ. ನಾನೂ ಹಾರೈಸಿದ್ದೆ.

ಕೆರೆ ಗಟ್ಟಿಯಾಗುವುದು ಗಾಳಿಯಿಲ್ಲದ, ಮೋಡವಿಲ್ಲದ, ಹಿಮ ಬೀಳದ ರಾತ್ರಿಗಳಲ್ಲಿ. ನೀರು ನಾಲ್ಕು ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ. ಹಾಗೆ ಬೆಳೆದ ಹೊಸ ಐಸ್ ಕಪ್ಪಗೆ ಕಾಣುತ್ತದೆ, ಏಕೆಂದರೆ ಅದು ಪಾರದರ್ಶಕ. ಕಾಣುವ ಕಪ್ಪು ಕೆಳಗಿನ ನೀರಿನದು. ಹೊಸಬರು ಆ ಕಪ್ಪನ್ನು ನೋಡಿ ಹೆದರಿ, ಬೆಳ್ಳಗಿರುವಲ್ಲಿ ಧೈರ್ಯವಾಗಿ ಕಾಲಿಡುತ್ತಾರೆ. ಇರಬೇಕಾದದ್ದು ಅದರ ತಿರುಗುಮುರುಗು. ಬಿಳಿ ಐಸ್ ಎಂದರೆ ಹಿಮ ನೆನೆದು ಗಟ್ಟಿಯಾದದ್ದು, ಒಳಗೆಲ್ಲ ಗಾಳಿಗುಳ್ಳೆ, ಶಕ್ತಿ ಅರ್ಧ. ನಡೆಯಲು ನಾಲ್ಕು ಇಂಚು, ಸ್ಲೆಡ್ಡಿಗೆ ಐದರಿಂದ ಏಳು ಇಂಚು ಎಂದು ಪಕ್ಕದ ಮಿನ್ನೆಸೋಟಾದ ಸರ್ಕಾರಿ ಕೋಷ್ಟಕ ಹೇಳುವುದು ಕಪ್ಪು ಐಸಿಗೆ. ಬಿಳಿಯದಾದರೆ ಇಮ್ಮಡಿ ಬೇಕು. ಬೂದುಬಣ್ಣಕ್ಕೆ ತಿರುಗಿದ್ದರೆ ಅದರೊಳಗೆ ನೀರಿದೆ ಎಂದರ್ಥ. ಅದಕ್ಕೆ ಯಾವ ಲೆಕ್ಕವೂ ಇಲ್ಲ, ದೂರವಿರುವುದೊಂದೇ ದಾರಿ.

ಈಗ ಈ ಕೆರೆಯ ಮೇಲೆ ಒಂದು ಅಡಿ ಹಿಮ ಬಿತ್ತೆನ್ನಿ. ಟ್ರೇಲಿನಲ್ಲಿ ಹಬ್ಬ. ಕೆರೆಯಲ್ಲಿ ಎರಡು ಅನಾಹುತ ಒಟ್ಟಿಗೆ ಶುರುವಾಗುತ್ತವೆ. ಮೊದಲನೆಯದು, ಹಿಮ ಕಂಬಳಿ. ಮೇಲಿನ ಚಳಿ ಕೆಳಗಿನ ನೀರಿಗೆ ತಲುಪುವುದೇ ಇಲ್ಲ; ಹೊರಗೆ ಎಷ್ಟು ಕೊರೆದರೂ ಐಸ್ ಬೆಳೆಯುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಎರಡನೆಯದು, ಹಿಮ ಹೊರೆ. ಐಸ್ ನೀರಿನ ಮೇಲೆ ತೇಲುವ ಒಂದು ದೊಡ್ಡ ತೆಪ್ಪ. ಹನ್ನೆರಡು ಇಂಚು ದಪ್ಪದ ಐಸಿನಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ಇರುವುದು ಒಂದೇ ಇಂಚು. ಆ ಒಂದು ಇಂಚನ್ನು ಮುಳುಗಿಸಲು ಹತ್ತು-ಹನ್ನೆರಡು ಇಂಚು ಹೊಸ ಹಿಮದ ಭಾರ ಸಾಕು. ತೆಪ್ಪ ತಗ್ಗುತ್ತದೆ, ಬಿರುಕುಗಳಿಂದ ನೀರು ಮೇಲೆ ಉಕ್ಕುತ್ತದೆ, ಹಿಮದ ಬುಡವನ್ನು ನೆನೆಸುತ್ತದೆ. ಕಂಬಳಿಯ ಒಳಗೆ ಬೆಚ್ಚಗೆ ಕುಳಿತ ಆ ನೀರು ವಾರವಾದರೂ ಹೆಪ್ಪುಗಟ್ಟುವುದಿಲ್ಲ. ಮೇಲಿನಿಂದ ನೋಡಿದರೆ ಕಾಣುವುದು ಹಾಸಿದ ಬಿಳಿ ಪಂಚೆ, ಅಷ್ಟೇ. ಅದರಡಿಯಲ್ಲಿ ಅಂಬಲಿ.

ಈ ಅಂಬಲಿಗೆ ಇಲ್ಲಿ ಸ್ಲಷ್ ಎನ್ನುತ್ತಾರೆ. ನಾನು ಅದನ್ನು ಭೇಟಿಯಾದದ್ದು ಮೂರನೆಯ ವರ್ಷದ ಜನವರಿ ಕೊನೆಯಲ್ಲಿ, ಚಾಸಲ್ ಎಂಬ ಹಳ್ಳಿಯ ಬಳಿ ಪೋರ್ಟೇಜ್ ಸರೋವರದ ಮೇಲೆ. ಅಲ್ಲಿ ಅಜ್ಜನದೊಂದು ಮೀನು ಹಿಡಿಯುವ ಗುಡಿಸಲಿದೆ. ಗುಡಿಸಲೆಂದರೆ ಪ್ಲೈವುಡ್ಡಿನ ನಾಲ್ಕು ಗೋಡೆ, ಒಳಗೊಂದು ಪುಟ್ಟ ಒಲೆ, ನೆಲದಲ್ಲಿ ಐಸ್ ಕೊರೆದ ತೂತು, ಆ ತೂತಿನ ಮುಂದೆ ಧ್ಯಾನಸ್ಥನಾದ ಮನುಷ್ಯ. ಎರಡು ದಿನ ಎಡೆಬಿಡದೆ ಹಿಮ ಬಿದ್ದಿತ್ತು. ಮೂರನೆಯ ದಿನ ಬಿಸಿಲು. ಗುಡಿಸಲಿನ ಚಾವಣಿಯ ಹಿಮ ತೆಗೆದು ಬರೋಣ ಎಂದು ಹೊರಟೆವು. ದಡ ಬಿಡುವ ಮುನ್ನ ಅಜ್ಜ ಹೇಳಿದ್ದು ಒಂದೇ ಮಾತು: ‘ಏನೇ ಆದರೂ ನಿಧಾನ ಮಾಡಬೇಡ.’

ಅವರು ಮುಂದೆ, ನಾನು ನೂರು ಅಡಿ ಹಿಂದೆ. ಅರ್ಧ ದಾರಿಯಲ್ಲಿ ಅವರ ಸ್ಲೆಡ್ ಬಿಟ್ಟುಹೋದ ಜಾಡು ಬಿಳಿಯಿಂದ ಬೂದಿಗೆ ತಿರುಗಿದ್ದು ಕಾಣಿಸಿತು. ಐಸ್ ಕುಸಿಯುತ್ತಿದೆ ಎಂದುಕೊಂಡೆ. ಹೆಬ್ಬೆರಳು ತಾನಾಗಿ ಸಡಿಲವಾಯಿತು. ಅಷ್ಟು ಸಾಕಾಯಿತು. ಕೆಸರುಗದ್ದೆಗೆ ಇಳಿದ ಎಮ್ಮೆಯಂತೆ ಸ್ಲೆಡ್ ನಿಟ್ಟುಸಿರು ಬಿಟ್ಟು ಕುಳಿತುಕೊಂಡಿತು. ಇಳಿದೆ, ಮಂಡಿಯವರೆಗೆ ಹೋದೆ. ಒಂದು ಕ್ಷಣ ಕೆರೆಯ ತಳಕ್ಕೇ ಹೋಗುತ್ತಿದ್ದೇನೆ ಅನಿಸಿತು. ಪಾದಕ್ಕೆ ಗಟ್ಟಿ ಐಸ್ ತಗುಲಿದಾಗ ಆದ ಸಮಾಧಾನವನ್ನು ಹೇಗೆ ಹೇಳಲಿ? ಅಷ್ಟರಲ್ಲಿ ಬೂಟಿನ ಬಾಯಿಂದ ನೀರು ಒಳಗಿಳಿಯಿತು, ಸಮಾಧಾನವೂ ಮುಗಿಯಿತು.

ಅಜ್ಜ ತಕ್ಷಣ ನಿಲ್ಲಲಿಲ್ಲ. ನಿಲ್ಲಿಸಿದ್ದರೆ ಅವರದೂ ಕೂತುಬಿಡುತ್ತಿತ್ತು. ಗುಡಿಸಲಿನವರೆಗೆ ಹೋಗಿ, ಗಟ್ಟಿ ಜಾಗ ನೋಡಿ ಗಾಡಿ ಬಿಟ್ಟು, ಕೊಡಲಿ ಮತ್ತು ಹಗ್ಗ ಹಿಡಿದು ನಡೆದು ಬಂದರು. ಬೈಯಲಿಲ್ಲ. ‘ನಿಧಾನ ಮಾಡಿದೆ’ ಎಂದರು, ಹವಾಮಾನ ವರದಿ ಓದುವ ದನಿಯಲ್ಲಿ. 250 ಕಿಲೋ ಹತ್ತಿರದ ಆ ಭಾರದ ಹಿಂಭಾಗವನ್ನು ಇಬ್ಬರೂ ಸೇರಿ ಒಂದು ಪಕ್ಕಕ್ಕೆ ಎತ್ತಿ ಹಾಕಿದೆವು. ರಬ್ಬರ್ ಪಟ್ಟಿಯ ಸಂದುಗಳಲ್ಲಿ ಅಂಬಲಿ ಆಗಲೇ ಕಲ್ಲಾಗುತ್ತಿತ್ತು. ಒಳಗೆ ಬೆಚ್ಚಗಿದ್ದ ನೀರು ಗಾಳಿ ತಾಗಿದ ಕೂಡಲೇ ಗಟ್ಟಿ. ಕೊಡಲಿಯ ಹಿಂಬದಿಯಿಂದ ಅದನ್ನು ಒಂದೊಂದಾಗಿ ಬಡಿದು ಉದುರಿಸಬೇಕು. ದಡದಿಂದ ಅಜ್ಜ ಎರಡು ಹೊರೆ ಸ್ಪ್ರೂಸ್ ಕೊಂಬೆ ಕಡಿದು ತಂದು ಪಟ್ಟಿಯಡಿ ಹಾಸಿದರು. ನಾನು ಮುಂದಿನ ಹಿಮವನ್ನು ತುಳಿದು ತುಳಿದು ಇಪ್ಪತ್ತು ಅಡಿ ದಾರಿ ಮಾಡಿದೆ. ಗದ್ದೆಯಲ್ಲಿ ಹೂತ ಗಾಡಿಗೆ ಅಡಿಕೆ ಸೋಗೆ ಹಾಸುವುದನ್ನು ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿಲ್ಲ! ಎರಡು ತಾಸಿನ ಕೆಲಸ ಅದು. ರಾತ್ರಿ ಅಲ್ಲಿಯೇ ಬಿಟ್ಟು ಹೋಗಿದ್ದರೆ ಬೆಳಗಾಗುವಷ್ಟರಲ್ಲಿ ಸ್ಲೆಡ್ ಕೆರೆಗೆ ಎರಕ ಹೊಯ್ದಂತೆ ಸೇರಿಹೋಗುತ್ತಿತ್ತು.

ಗುಡಿಸಲಿನಲ್ಲಿ ಒಲೆ ಹಚ್ಚಿ ನನ್ನ ಕಾಲುಚೀಲ ಒಣಗಿಸುತ್ತಾ ಕುಳಿತಾಗ ಕೆಳಗಿನಿಂದ ಸದ್ದು ಬಂತು. ಮೊದಲು ‘ಪ್ಯೂ’ ಎಂದು ಚಿಲಿಪಿಲಿಯಂತೆ, ಅದರ ಬೆನ್ನಿಗೇ ದೂರದ ಗುಡುಗಿನಂತೆ. ಬೆಚ್ಚಿಬಿದ್ದೆ. ಐಸ್ ಚಳಿಗೆ ಕುಗ್ಗುತ್ತಾ ಹಿಗ್ಗುತ್ತಾ ಎಲ್ಲೋ ಬಿರುಕು ಬಿಟ್ಟಾಗ ಸದ್ದು ಆ ತೆಳು ಹಲಗೆಯೊಳಗೆ ಓಡಿಬರುತ್ತದೆ. ಕೀಚಲು ಸ್ವರಕ್ಕೆ ವೇಗ ಹೆಚ್ಚು, ಅದು ಮೊದಲು ಮುಟ್ಟುತ್ತದೆ. ದಪ್ಪ ಸ್ವರ ತಡವಾಗಿ. ‘ಕೂಗುವ ಐಸಿಗೆ ಹೆದರಬೇಡ’ ಎಂದರು ಅಜ್ಜ. ಮಾರ್ಚಿನ ಐಸ್ ಕೂಗುವುದಿಲ್ಲವಂತೆ.

ಅಂದು ಸಂಜೆ ಅವರು ನನಗೊಂದು ಹಗ್ಗ ಕೊಟ್ಟರು, ಎರಡು ತುದಿಗೂ ಮರದ ಹಿಡಿಯ ದಬ್ಬಳ. ಕೊರಳಿಗೆ ಹಾಕಿಕೊಂಡೇ ಐಸಿಗೆ ಇಳಿಯಬೇಕು. ನೀರಿಗೆ ಬಿದ್ದರೆ ಒದ್ದೆ ಕೈ ಐಸಿನ ಅಂಚಿನಲ್ಲಿ ಜಾರುತ್ತದೆ. ದಬ್ಬಳ ಚುಚ್ಚಿ, ಕಾಲನ್ನು ಈಜುವಂತೆ ಬಡಿದು, ಬಂದ ದಿಕ್ಕಿಗೇ ಮೈ ಎಳೆದುಕೊಳ್ಳಬೇಕು. ಎದ್ದು ನಿಲ್ಲಬಾರದು, ಉರುಳಿಕೊಂಡು ದೂರ ಸರಿಯಬೇಕು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ಸಂಶೋಧನೆಗಾಗಿ ತಾವೇ ಎಷ್ಟೋ ಸಲ ಕೊರೆಯುವ ನೀರಿಗಿಳಿದವರು. ಅವರು ಜನರಿಗೆ ಕಲಿಸುವ ಲೆಕ್ಕ ‘1-10-1’. ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ತರಲು. ಆಮೇಲೆ ಹತ್ತು ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಒಂದು ಗಂಟೆ ಇರುತ್ತದೆ. ಬಿದ್ದ ಕೂಡಲೇ ಸತ್ತೆ ಎಂದುಕೊಂಡು ಗಾಬರಿಯಲ್ಲಿ ನೀರು ಕುಡಿಯುವವರೇ ಹೆಚ್ಚು. ಸಮಯ ನಾವು ತಿಳಿದಷ್ಟು ಕಡಿಮೆಯಲ್ಲ. ಇದನ್ನು ಅಮ್ಮನಿಗೆ ನಾನು ಇದುವರೆಗೆ ಹೇಳಿಲ್ಲ. ಅವರು ಈ ಬ್ಲಾಗು ಓದುವುದಿಲ್ಲ ಎಂಬ ನಂಬಿಕೆಯಲ್ಲಿ ಬರೆಯುತ್ತಿದ್ದೇನೆ.

ಈಗ ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ. ಯಾವ ಟ್ರೇಲು ಹೆರೆದಿದ್ದಾರೆ, ಎಲ್ಲಿ ಎಷ್ಟು ಇಂಚು, ಉಪಗ್ರಹದ ಚಿತ್ರ, ಗಾಳಿಯ ದಿಕ್ಕು. ನಾನೂ ನೋಡುತ್ತೇನೆ. ಟ್ರೇಲಿನ ಮಟ್ಟಿಗೆ ಅದು ಸಾಕು. ನೆಲ ಎಲ್ಲಿಗೂ ಹೋಗುವುದಿಲ್ಲ. ಆದರೆ ಕೆರೆಯ ವಿಷಯದಲ್ಲಿ ‘ಆರು ಇಂಚು’ ಎಂಬ ಮಾತಿನಷ್ಟು ಅಪಾಯದ ಮಾತು ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ. ಆ ಆರು ಇಂಚು ಇದ್ದದ್ದು ಒಬ್ಬ ಮನುಷ್ಯ ಒಂದು ದಿನ ಕೊರೆದ ಒಂದು ತೂತಿನಲ್ಲಿ. ಅದರಿಂದ ಐವತ್ತು ಅಡಿ ಆಚೆ ಹಳ್ಳ ಬಂದು ಸೇರುವ ಬಾಯಿ ಇರಬಹುದು, ತಳದಲ್ಲಿ ಚಿಲುಮೆ ಇರಬಹುದು, ಜೊಂಡು ಇರಬಹುದು, ಬಿಸಿಲಿಗೆ ಕಾದ ಬಂಡೆ ಇರಬಹುದು. ಊರಿನಲ್ಲಿ ಜುಲೈ ತಿಂಗಳಲ್ಲಿ ಅಪ್ಪಯ್ಯ ಹೊಳೆ ದಾಟುವ ಮುಂಚೆ ಆಚೆಯಿಂದ ಬಂದವರನ್ನು ‘ಸಂಕದ ಮೇಲೆ ನೀರು ಬಂದಿದೆಯೇ’ ಎಂದು ಕೇಳುತ್ತಿದ್ದರು. ಉತ್ತರ ಕೇಳಿಯೂ ತಾವೇ ಹೋಗಿ ದಡದ ಕಲ್ಲಿನ ಗುರುತು ನೋಡುತ್ತಿದ್ದರು. ಹಾಗಾದರೆ ಕೇಳಿದ್ದು ಏಕೆ ಎಂದು ನನಗೆ ಆಗ ನಗು ಬರುತ್ತಿತ್ತು.

ಪೂರ್ತಿ ಗೊತ್ತಿರುವುದು ಹಾರೆಗೆ. ಅಜ್ಜ ಅದನ್ನು ಮುಂದೆ ಮುಂದೆ ಕುಕ್ಕುತ್ತಾ ನಡೆಯುತ್ತಾರೆ. ಗಟ್ಟಿ ಐಸಾದರೆ ‘ಠಣ್’ ಎಂದು ಹಾರೆ ಹಿಂದಕ್ಕೆ ಪುಟಿಯುತ್ತದೆ, ಅಂಗೈ ಜುಮ್ಮೆನ್ನುತ್ತದೆ. ನಡುವೆ ನೀರಿದ್ದರೆ ಟೊಳ್ಳು ಮಡಕೆಯ ಸದ್ದು. ಒಂದೇ ಏಟಿಗೆ ತೂತಾದರೆ ಅಲ್ಲಿಗೆ ನಿಂತು ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು. ನಾನು ಎಂಜಿನಿಯರಿಂಗ್ ಓದಿದ ಮನುಷ್ಯ, ಅಳತೆಯ ಮೇಲೆ ಬದುಕುವ ಜಾತಿ. ಆದರೂ ಹಾರೆಯ ಸದ್ದು ಕಿವಿಗೆ ಹತ್ತಲು ನನಗೆ ನಾಲ್ಕು ಚಳಿಗಾಲ ಬೇಕಾಯಿತು.

ಆಮೇಲೆ ಒಂದು ಚಳಿಗಾಲ ಬಂತು, ಅದರಲ್ಲಿ ಹಾರೆಗೂ ಕೆಲಸವಿರಲಿಲ್ಲ. 2023-24. ಕ್ರಿಸ್‌ಮಸ್ಸಿಗೆ ಮಳೆ. ಜನವರಿಯ ನಡುವೆ ಎರಡು ವಾರ ಚಳಿಗಾಲ ಬಂದ ಹಾಗೆ ಮಾಡಿ ವಾಪಸು ಹೋಯಿತು. ಫೆಬ್ರುವರಿ ನಡುವಿನ ಹೊತ್ತಿಗೆ ಐದು ಮಹಾಸರೋವರಗಳ ಮೇಲ್ಮೈಯಲ್ಲಿ ಐಸ್ ಇದ್ದದ್ದು ಶೇ 3ಕ್ಕೂ ಕಡಿಮೆ. 1973ರಿಂದ ಇಟ್ಟ ಲೆಕ್ಕದಲ್ಲಿ ಆ ದಿನಗಳಲ್ಲಿ ಅಷ್ಟು ಕಡಿಮೆ ಎಂದೂ ಇರಲಿಲ್ಲ. ಹತ್ತು ವರ್ಷ ಹಿಂದೆ, 2014ರ ಮಾರ್ಚಿನಲ್ಲಿ, ಅದೇ ಸರೋವರಗಳ ಶೇ 92 ಭಾಗ ಮುಚ್ಚಿಹೋಗಿತ್ತು. ತೆರೆದ ನೀರಿದ್ದರೆ ಹಿಮ ಹೆಚ್ಚಬೇಕಲ್ಲ ಎಂದು ನಾನು ಅಜ್ಜನ ಮುಂದೆ ಬುದ್ಧಿವಂತಿಕೆ ತೋರಿದೆ. ‘ಒಲೆಯ ಮೇಲೆ ನೀರಿದೆ, ಸರಿ. ಚಳಿಗಾಳಿ ಎಲ್ಲಿದೆ?’ ಎಂದರು. ಕ್ಯಾಲುಮೆಟ್ಟಿನಿಂದ ಹೊರಡುವ ನಾಯಿಬಂಡಿಗಳ ಓಟ ಕಾಪರ್‌ಡಾಗ್ ಆ ವರ್ಷ ರದ್ದಾಯಿತು. ಮಾರ್ಕೆಟ್ ಎಂಬ ಊರಿನಿಂದ ಹೊರಡುವ ಯುಪಿ200 ಕೂಡ. (ಹೌದು, ಆ ಊರಿನ ಹೆಸರು ಕನ್ನಡದಲ್ಲಿ ಬರೆದರೆ ಹೀಗೆಯೇ ಆಗುತ್ತದೆ, ತರಕಾರಿ ಸಿಗುವ ಜಾಗವಲ್ಲ.) ಲಾಡ್ಜುಗಳ ಮುಂದೆ ಸ್ಲೆಡ್ಡಿನ ಟ್ರೇಲರುಗಳು ನಿಲ್ಲಬೇಕಾದ ಅಂಗಳ ಖಾಲಿ. ಸೇತುವೆಯ ಕೆಳ ಅಂತಸ್ತಿನಲ್ಲಿ ದೀಪಗಳಿಲ್ಲ. ಟ್ರೇಲಿನ ಮೇಲೆ ಹುಲ್ಲು ಕಾಣುತ್ತಿತ್ತು, ಕಂದು ಬಣ್ಣದ, ಒದ್ದೆಯಾಗಿ ಮಲಗಿದ ಹುಲ್ಲು. ಆ ಹುಲ್ಲು ನೋಡಿ ಅಷ್ಟು ಬೇಸರವಾಗುತ್ತದೆಂದು ನಾನು ಎಣಿಸಿರಲಿಲ್ಲ. ಗಲಾಟೆ ಎಂದು ಬೈದ ಸ್ಲೆಡ್ಡುಗಳ ಸದ್ದಿಗೆ ರಾತ್ರಿ ಕಿವಿಗೊಟ್ಟು ಮಲಗಿದ್ದೂ ಉಂಟು.

ಇಲ್ಲಿ ಫಿನ್‌ಲ್ಯಾಂಡಿನಿಂದ ಗಣಿಗೆಂದು ಬಂದವರ ಮಕ್ಕಳು ಮೊಮ್ಮಕ್ಕಳು ಬಹಳ. ಜನವರಿಯ ಕೊನೆಯಲ್ಲಿ ಹ್ಯಾನ್‌ಕಾಕ್‌ನಲ್ಲಿ ಹೇಕಿನ್‌ಪೈವಾ ಎಂಬ ಹಬ್ಬ ಮಾಡುತ್ತಾರೆ. ಅವತ್ತು ಕರಡಿ ಗುಹೆಯಲ್ಲಿ ಮಗ್ಗುಲು ಬದಲಿಸುತ್ತದೆ, ಚಳಿಗಾಲ ಅರ್ಧ ಮುಗಿಯಿತು ಎಂಬುದು ಅವರ ಹಳೆಯ ಮಾತು. ಆ ವರ್ಷ ಅಜ್ಜ ‘ಕರಡಿ ಮಲಗಿಯೇ ಇಲ್ಲ, ಮಗ್ಗುಲು ಬದಲಿಸುವುದು ಎಲ್ಲಿಂದ’ ಎಂದು ಗೊಣಗಿದರು.

ಈ ಸಲ ಹಾಗಾಗಲಿಲ್ಲ. ಹಿಮವೂ ಬಂತು, ಐಸೂ ಬಂತು, ಮಾಮೂಲಿನಂತೆ ಒಂದಕ್ಕೊಂದು ಜಗಳವಾಡಿಕೊಂಡೇ. ಮೀನಿನ ಗುಡಿಸಲುಗಳನ್ನು ಮಾರ್ಚ್ 31ರೊಳಗೆ ಕೆರೆಯಿಂದ ತೆಗೆಯಬೇಕೆಂಬುದು ನಮ್ಮ ಕಡೆಯ ಕಾನೂನು. ಅಜ್ಜ ಕಾನೂನಿಗೆ ಕಾಯುವವರಲ್ಲ, ಎರಡು ವಾರ ಮುಂಚೆಯೇ ಎಳೆದು ತಂದರು. ಆಮೇಲೂ ಬೆಳಿಗ್ಗೆ ಬೆಳಿಗ್ಗೆ ಹಾರೆ ಹಿಡಿದು ದಡಕ್ಕೆ ಹೋಗುತ್ತಿದ್ದರು, ಕೆಲಸವಿಲ್ಲದಿದ್ದರೂ. ಕಳೆದ ಶನಿವಾರ ನಾನೂ ಹೋದೆ. ದೂರಕ್ಕೆ ಕೆರೆ ಇನ್ನೂ ಭದ್ರವಾಗಿಯೇ ಕಾಣುತ್ತಿತ್ತು. ತಿಂಗಳ ಹಿಂದೆ ನಾವು ಓಡಿಸಿದ ಸ್ಲೆಡ್ಡಿನ ಜಾಡು ಕರಗದೆ ಹುರಿಯಂತೆ ಎದ್ದು ನಿಂತಿತ್ತು, ಸುತ್ತಲಿನದು ಅಷ್ಟು ತಗ್ಗಿತ್ತು. ಅಜ್ಜ ದಡದಿಂದ ಬಗ್ಗಿ ಕುಕ್ಕಿದರು. ಠಣ್ ಇಲ್ಲ. ಒಂದು ಅಡಿ ದಪ್ಪವಿದ್ದ ಐಸ್ ನಿಲುವಾಗಿ ಸಾವಿರ ಕಡ್ಡಿಗಳಾಗಿ ಬಿಡಿಸಿಕೊಂಡು, ಬಳೆ ಅಂಗಡಿಯಲ್ಲಿ ಬಳೆ ಸುರಿದ ಸದ್ದಿನಲ್ಲಿ ನೀರಿಗೆ ಉದುರಿತು.

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಪಿಕಪ್ ನಿಂತಿತು, ಹೊರಗಿನ ನಂಬರಿನದು, ಹಿಂದೆ ಟ್ರೇಲರಿನಲ್ಲಿ ಹೊಸ ಸ್ಲೆಡ್. ಹುಡುಗ ಕಿಟಕಿ ಇಳಿಸಿ ಕೇಳಿದ, ‘ಐಸ್ ಹೇಗಿದೆ?’

‘ಈಗ ತಾನೇ, ಈ ಕಲ್ಲಿನ ಹತ್ತಿರ, ಕೆಟ್ಟಿತ್ತು’ ಎಂದರು ಅಜ್ಜ.

‘ಆಚೆ, ನಡುವಿನಲ್ಲಿ? ನಿನ್ನೆ ಯಾರೋ ಹತ್ತು ಇಂಚು ಎಂದರು.’

ಅಜ್ಜ ಹಾರೆಯ ತುದಿಯನ್ನು ಪ್ಯಾಂಟಿಗೆ ಒರೆಸಿ, ರಸ್ತೆಯವರೆಗೆ ನಡೆದುಹೋಗಿ, ಕಿಟಕಿಯೊಳಗಿನಿಂದ ಅದನ್ನು ಅವನ ಕೈಗೆ ಕೊಟ್ಟರು.